ಕ್ಯಾಂಪರ್ ವ್ಯಾನಿನಲ್ಲಿ ಚಿತ್ರದ ಗೋಡೆಗಳ ಊರುಗಳಿಗೆ: ಟಾಸ್ಮೇನಿಯಾ ನೋಡಿ ಬಂದ ಮೇಲೆ ಒಂದು ಪ್ರಶ್ನೆ

ಗಾಲಿಮನೆ · ಬನಶಂಕರಿ · ಜೂನ್ 14

ಫೆಬ್ರವರಿಯಲ್ಲಿ ಮೆಲ್ಬರ್ನಿನ ತಂಗಿಯ ಮನೆಗೆ ಹೋಗಿದ್ದಾಗ ನಾನು, ಯಜಮಾನರು, ಒಂಬತ್ತು ವರ್ಷದ ಮಗಳು ಮತ್ತು ತಂಗಿ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಆಸ್ಟ್ರೇಲಿಯಾದ ದಕ್ಷಿಣದ ದ್ವೀಪ ಟಾಸ್ಮೇನಿಯಾ ಸುತ್ತಿ ಬಂದೆವು. ಅಲ್ಲಿ ನೋಡಿದ ಒಂದು ಊರು ಇನ್ನೂ ತಲೆಯಿಂದ ಇಳಿದಿಲ್ಲ. ಅದರ ಬಗ್ಗೆ ಸ್ವಲ್ಪ ಹೇಳಿ ಆಮೇಲೆ ನಿಮ್ಮನ್ನು ಒಂದು ಮಾತು ಕೇಳುತ್ತೇನೆ.

ಜಿಲಾಂಗ್ ಬಂದರಿನಲ್ಲಿ ಸಂಜೆ ವ್ಯಾನ್ ಸಮೇತ ಹಡಗು ಹತ್ತಿದರೆ ಬೆಳಗಾಗುವ ಹೊತ್ತಿಗೆ ಡೆವನ್‌ಪೋರ್ಟ್. ಹಣ್ಣು, ತರಕಾರಿ, ಸೊಪ್ಪು ಯಾವುದನ್ನೂ ದ್ವೀಪಕ್ಕೆ ಒಯ್ಯುವಂತಿಲ್ಲ. ಅಲ್ಲಿನ ಬೆಳೆಗೆ ಹೊರಗಿನ ಹುಳು, ರೋಗ ತಾಗಬಾರದೆಂಬ ಕಟ್ಟುನಿಟ್ಟು. ತಂಗಿ ಹಿತ್ತಲಿನಿಂದ ಕಿತ್ತು ತಂದಿದ್ದ ಕರಿಬೇವಿನ ಕಟ್ಟು ಬಂದರಿನಲ್ಲೇ ಉಳಿಯಿತು. ಡೆವನ್‌ಪೋರ್ಟಿನಿಂದ ಸುಮಾರು 30 ಕಿಲೋಮೀಟರ್ ಒಳನಾಡಿಗೆ ಹೋದರೆ ಮೌಂಟ್ ರೋಲಂಡ್ ಬೆಟ್ಟದ ಬುಡದಲ್ಲಿ ಶೆಫೀಲ್ಡ್ ಎಂಬ ಊರು. ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ, ಅಷ್ಟೆ. ಆದರೆ ಅಂಗಡಿಯ ಪಕ್ಕದ ಗೋಡೆ, ಓಣಿಯ ಗೋಡೆ, ಹಿತ್ತಲ ಗೋಡೆ, ಎಲ್ಲಿ ನೋಡಿದರೂ ಆಳೆತ್ತರದ ಚಿತ್ರಗಳು.

1980ರ ದಶಕದಲ್ಲಿ ಆ ಊರು ಬಡವಾಗುತ್ತಿತ್ತು. ಕೆನಡಾದ ವ್ಯಾಂಕೂವರ್ ದ್ವೀಪದ ಷೆಮೇನಸ್ ಎಂಬ ಸಣ್ಣ ಪಟ್ಟಣದ ಕಥೆ ಊರಿನವರ ಕಿವಿಗೆ ಬಿತ್ತು. ಷೆಮೇನಸ್ ಮರ ಕೊಯ್ಯುವ ಕಾರ್ಖಾನೆಯನ್ನೇ ನಂಬಿದ್ದ ಊರು. 1982ರಲ್ಲಿ ಅಲ್ಲಿ ಐದು ಗೋಡೆಗಳಿಗೆ ಊರಿನ ಇತಿಹಾಸವನ್ನು ಬರೆಸಿದರು. ಮರುವರ್ಷ ಕಾರ್ಖಾನೆ ಮುಚ್ಚಿತು. ಗೋಡೆಗಳನ್ನು ನೋಡಲು ಜನ ಬರತೊಡಗಿದ್ದರಿಂದ ಊರು ಉಳಿಯಿತು. ಅದೇ ಧೈರ್ಯದಿಂದ ಶೆಫೀಲ್ಡಿನವರು 1986ರ ಡಿಸೆಂಬರಿನಲ್ಲಿ ತಮ್ಮ ಮೊದಲ ಗೋಡೆಯನ್ನು ತೆರೆದರು. ಕಲಾವಿದ ಜಾನ್ ಲೆಂಡಿಸ್. ಚಿತ್ರದಲ್ಲಿರುವವರು ಗುಸ್ತಾವ್ ವೈನ್‌ಡಾರ್ಫರ್, ಆಸ್ಟ್ರಿಯಾದಿಂದ ಬಂದು ಕ್ರೇಡಲ್ ಪರ್ವತದ ಕಾಡಿನಲ್ಲಿ ಮರದ ಮನೆ ಕಟ್ಟಿ, ಆ ಕಾಡು ರಾಷ್ಟ್ರೀಯ ಉದ್ಯಾನವಾಗಬೇಕೆಂದು ದುಡಿದವರು. ಪ್ರಾಣಿಗಳ ನಡುವೆ ನಿಂತ ಆ ಮನುಷ್ಯನನ್ನು ನನ್ನ ಮಗಳು ಬಹಳ ಹೊತ್ತು ನೋಡಿದಳು. ಈಗಲೂ ವರ್ಷಕ್ಕೊಮ್ಮೆ ಒಂದು ಕವಿತೆಯನ್ನು ಆರಿಸಿ, ಒಂಬತ್ತು ಕಲಾವಿದರಿಗೆ ಒಂದೊಂದು ಗೋಡೆ ಕೊಟ್ಟು, ಒಂದೇ ವಾರದಲ್ಲಿ ಎಲ್ಲರ ಕಣ್ಣೆದುರೇ ಬರೆಸುತ್ತಾರೆ.

ಕ್ಯಾಂಪರ್‌ನಲ್ಲಿ ಹೋದದ್ದರಿಂದ ಒಂದು ಅನುಕೂಲವಾಯಿತು. ಮಧ್ಯಾಹ್ನದ ಬಸ್ಸುಗಳು ಹೊರಟುಹೋದ ಮೇಲೂ ನಾವು ಊರಿನಲ್ಲೇ ಇದ್ದೆವು. ಸಂಜೆಯ ಓರೆ ಬಿಸಿಲು ಬಿದ್ದಾಗ ಒಂದೊಂದು ಗೋಡೆಯೂ ಬೇರೆಯಾಗಿ ಕಂಡಿತು. ಮರುದಿನ ಬೆಳಗ್ಗೆ ಹಾಲು ತರಲು ಹೋದಾಗ ಮತ್ತೆ ಬೇರೆ.

ಪ್ರಶ್ನೆ ಇಷ್ಟು. ಬೆಂಗಳೂರಿನಿಂದ ಹೊರಟು ಹಳ್ಳಿ, ಘಟ್ಟ, ಕರಾವಳಿ ಹಿಡಿದು ನಮ್ಮದೇ ಗೋಡೆಗಳನ್ನು ಹೀಗೆ ನಿಂತು ನಿಂತು ನೋಡಿ ಬರಬಹುದೇ? ಅಕ್ಟೋಬರ್ ರಜೆ ಇದೆ. 74 ವರ್ಷದ ಅತ್ತೆಯವರೂ ಬರುತ್ತೇನೆ ಎಂದಿದ್ದಾರೆ. ಯಾವ ಊರು, ಯಾವ ದಾರಿ, ಗಾಡಿ ಎಲ್ಲಿ ನಿಲ್ಲಿಸುವುದು, ಬಲ್ಲವರು ಹೇಳಿ.

ಕಾಡುಮಲ್ಲಿಗೆ · ಮಲ್ಲೇಶ್ವರ · ಜೂನ್ 14

ನನಗೂ ಇದೇ ಆಸೆ ಇದೆ. ಹಿರಿಯರನ್ನು ಕರೆದುಕೊಂಡು ಹೋಗುವಾಗ ಶೌಚಾಲಯದ ವ್ಯವಸ್ಥೆ ಹೇಗೆ ಎಂಬುದನ್ನು ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ. ಉಳಿದದ್ದೆಲ್ಲ ಹೇಗೋ ಆಗುತ್ತದೆ.

ಚಿತ್ರಾ ಮೇಷ್ಟ್ರು · ಚಾಮರಾಜಪೇಟೆ · ಜೂನ್ 15

ಮೂವತ್ತೊಂದು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು ನಾನು. ತಾಯಿ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಹೊರಡುವ ದಿನ ಮೊದಲ ನಿಲುಗಡೆ ಸೀಬಿ ಆಗಲಿ. ತುಮಕೂರು ದಾಟಿ ಶಿರಾ ಕಡೆಗೆ ಹೋಗುವಾಗ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಸಾವಿರಾರು ವಾಹನಗಳು ದಿನವೂ ಅದರ ಪಕ್ಕದಲ್ಲೇ ಓಡುತ್ತವೆ, ನಿಲ್ಲುವವರು ಕಡಿಮೆ. ನರಸಿಂಹಸ್ವಾಮಿ ದೇವಸ್ಥಾನದ ಮುಖಮಂಟಪದ ಚಾವಣಿಯಲ್ಲಿ ಮೈಸೂರು ಶೈಲಿಯ ಭಿತ್ತಿಚಿತ್ರಗಳಿವೆ. ಟಿಪ್ಪುವಿನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು, ಮೂವರು ಅಣ್ಣತಮ್ಮಂದಿರು, ಕಟ್ಟಿಸಿದ ಗುಡಿ ಅದು. ಕತ್ತೆತ್ತಿ ನೋಡಬೇಕಾದ್ದರಿಂದ ಒಂದು ಚಾಪೆ ತೆಗೆದುಕೊಂಡು ಹೋಗಿ, ಅರ್ಚಕರನ್ನು ಕೇಳಿ ಮಲಗಿಕೊಂಡು ನೋಡಿ. ಕೃಷ್ಣಲೀಲೆಯೂ ಇದೆ, ದರ್ಬಾರೂ ಇದೆ.

ಅಲ್ಲಿನ ಸ್ಥಳಪುರಾಣ ನಿಮಗೆ ಹಿಡಿಸುತ್ತದೆ. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೊರಟ ವ್ಯಾಪಾರಿಯೊಬ್ಬ ಅಲ್ಲಿ ತಂಗಿ, ಕಲ್ಲಿನ ಮೇಲೆ ಮಡಕೆ ಇಟ್ಟು ಅಡುಗೆಗೆ ತೊಡಗಿದನಂತೆ. ಬೇಯುತ್ತಿದ್ದ ಧಾನ್ಯ ರಕ್ತದ ಬಣ್ಣಕ್ಕೆ ತಿರುಗಿತು. ಆ ಕಲ್ಲು ತನ್ನ ನೆಲೆ ಎಂದು ನರಸಿಂಹ ಕನಸಿನಲ್ಲಿ ಹೇಳಿದ. ದಾರಿಯಲ್ಲಿ ಬೀಡುಬಿಟ್ಟು ಅಡುಗೆ ಮಾಡಿಕೊಳ್ಳುವವರಿಗೆ ಇದಕ್ಕಿಂತ ಹತ್ತಿರದ ಗುಡಿ ಇನ್ನೊಂದಿಲ್ಲ.

ಬೆಂಗಳೂರಿನ ಗೋಡೆಗಳ ಬಗ್ಗೆಯೂ ಒಂದು ಮಾತು. 2009ರಲ್ಲಿ ಮಹಾನಗರ ಪಾಲಿಕೆ ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಿತು. ಬರೆದವರು ಹೆಚ್ಚಿನವರು ಸಿನಿಮಾ ಕಟೌಟ್ ಬರೆಯುತ್ತಿದ್ದ ಕೈಗಳು. ಫ್ಲೆಕ್ಸ್ ಬಂದು ಅವರ ಕೆಲಸ ಕಿತ್ತುಕೊಂಡಿತ್ತು. ಹಂಪಿಯ ಕಲ್ಲಿನ ರಥ, ಯಕ್ಷಗಾನದ ವೇಷ, ಜೋಗ ಜಲಪಾತ, ಹುಲಿ, ಆನೆ ಎಲ್ಲವನ್ನೂ ಅವರು ಬರೆದರು. ಹೊಗೆ, ಧೂಳು, ಭಿತ್ತಿಪತ್ರಗಳ ನಡುವೆ ಅವು ಮಾಸಿದವು. ನನ್ನ ಪಕ್ಕದ ರಸ್ತೆಯ ಗೋಡೆಗೆ ಒಂದು ದಿನ ಯಾರನ್ನೂ ಕೇಳದೆ ಬಿಳಿ ಬಣ್ಣ ಬಳಿದರು. ಆ ಹುಲಿಯ ಕಣ್ಣಿಗೆ ಬೆಳಕಿನ ಚುಕ್ಕೆ ಇಡಲು ಕಲಾವಿದ ಏಣಿಯಿಂದ ಮೂರು ಸಲ ಇಳಿದು ದೂರ ನಿಂತು ನೋಡಿ ಮತ್ತೆ ಹತ್ತಿದ್ದ. ನಾನು ಎದುರಿನ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡಿದ್ದೆ. ಆ ಬಿಳಿ ಬಣ್ಣ ನನಗೆ ಇಂದಿಗೂ ನೋವು ಕೊಡುತ್ತದೆ.

ಘಟ್ಟದ ಗಾಡಿ · ಯಶವಂತಪುರ · ಜೂನ್ 15

ಚಾಲಕನಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾಂಪರ್ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವ ಮೊದಲು ನೋಂದಣಿ ಪುಸ್ತಕದಲ್ಲಿ ಗಾಡಿಯ ವಿವರ ಈಗಿನ ರೂಪಕ್ಕೆ ತಾಳೆಯಾಗುತ್ತದೆಯೇ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಗಾಡಿಯ ರಚನೆ ಬದಲಾಯಿಸುವಂತಿಲ್ಲ. ಹಾಗೆ ಬದಲಾಯಿಸಿದ ಗಾಡಿಗೆ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಗ್ಯಾಸ್ ಸಿಲಿಂಡರ್ ನಿಲ್ಲಿಸಿ ಬೆಲ್ಟ್ ಕಟ್ಟಿರಬೇಕು, ಓಡುವಾಗ ರೆಗ್ಯುಲೇಟರ್ ಬಂದ್. ಮಲಗುವಾಗ ಒಂದು ಕಿಟಕಿಯಾದರೂ ಬೆರಳಗಲ ತೆರೆದಿರಲಿ.

ಕಾಡುಮಲ್ಲಿಗೆಯವರೇ, ಶೌಚಾಲಯಕ್ಕೆ ಪೆಟ್ಟಿಗೆಯಂತೆ ಕಳಚಿ ಒಯ್ಯುವ ತೊಟ್ಟಿ ಇರುತ್ತದೆ. ರಾತ್ರಿಯ ಅಗತ್ಯಕ್ಕೆ ಮಾತ್ರ ಬಳಸಿ, ಹಗಲು ಪೆಟ್ರೋಲ್ ಬಂಕ್, ಹೋಟೆಲು, ದೇವಸ್ಥಾನದ ಶೌಚಾಲಯ ಬಳಸಿದರೆ ನಾಲ್ಕು ಜನರಿಗೆ ಎರಡು ದಿನ ಸಾಲುತ್ತದೆ. ಖಾಲಿ ಮಾಡುವುದು ಗುಂಡಿ ಅಥವಾ ಒಳಚರಂಡಿಗೆ ಸೇರುವ ಶೌಚಾಲಯದಲ್ಲೇ, ಅದೂ ಅಲ್ಲಿನವರನ್ನು ಕೇಳಿ, ಆಮೇಲೆ ತೊಳೆದುಕೊಟ್ಟು. ಹಳ್ಳಕ್ಕೆ ಸುರಿದವರನ್ನು ನಾನು ಕಂಡಿದ್ದೇನೆ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ.

ಘಟ್ಟದಲ್ಲಿ ರಾತ್ರಿ ಓಡಿಸಬೇಡಿ. ಮಳೆ ಪೂರ್ತಿ ನಿಂತಿರದಿದ್ದರೆ ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಲೇಬೇಡಿ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದಾಗ ಚಹಾ ಅಂಗಡಿಯ ಹತ್ತಿರ ನಿಂತಿದ್ದವರೇ ಹೋದರು. ನಮ್ಮ ಲಾರಿ ಬಳಗದ ಎಲ್ಲರಿಗೂ ಆ ಜಾಗ ಗೊತ್ತಿತ್ತು, ನಾವೆಲ್ಲ ಅಲ್ಲಿ ಚಹಾ ಕುಡಿದವರೇ.

ಕೆಮ್ಮಣ್ಣು · ನಾಗಸಂದ್ರ (ಹುಟ್ಟೂರು ಸೊರಬ ತಾಲ್ಲೂಕು) · ಜೂನ್ 16

ಗಾಲಿಮನೆ ಅಕ್ಕ, ಸಾಗರ, ಸೊರಬದ ಕಡೆ ಬರುವುದಾದರೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮ ದೀವರ ಸಮುದಾಯದ ಮನೆಗೋಡೆಗಳ ಚಿತ್ತಾರವನ್ನು ಶೆಫೀಲ್ಡಿನ ಗೋಡೆಯ ಸಾಲಿಗೆ ಸೇರಿಸಬೇಡಿ. ಅದು ದಾರಿಹೋಕರಿಗೆಂದು ಬರೆದದ್ದಲ್ಲ. ಮದುವೆಗೆ ಹಸೆಗೋಡೆ ಬರೆಯುತ್ತೇವೆ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆ ಅದು. ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿ ನಾರು. ಏಣಿ, ನಿಲಿ, ಜೋಗಿ ಜಡೆ, ಬಾಸಿಂಗ ಎಂದು ಒಂದೊಂದು ಎಳೆಗೂ ಹೆಸರಿದೆ. ಬರೆಯುವಾಗ ಹಾಡುತ್ತಾರೆ, ಹಾಡಿಲ್ಲದೆ ನನ್ನ ಅಜ್ಜಿಗೆ ಗೆರೆ ನೇರ ಬರುತ್ತಿರಲಿಲ್ಲ.

ಒಂದೆರಡು ವರ್ಷಗಳಲ್ಲಿ ಆ ಗೋಡೆ ಮಾಸುತ್ತದೆ, ಮತ್ತೆ ಸಾರಿಸುತ್ತಾರೆ. ಅದರಲ್ಲಿ ನಮಗೆ ದುಃಖವೇನಿಲ್ಲ. ಇನ್ನೊಂದು ಮದುವೆ ಬರುತ್ತದೆ, ಇನ್ನೊಂದು ಹಸೆ ಬರುತ್ತದೆ. ನಮಗೆ ಭಯ ಬೇರೆಯದು. ಬರೆಯುವ ಹೆಂಗಸರು ಕಡಿಮೆಯಾಗುತ್ತಿದ್ದಾರೆ, ಮಣ್ಣಿನ ಗೋಡೆಯ ಮನೆಗಳು ಸಿಮೆಂಟಾಗುತ್ತಿವೆ. ಸಿರಿವಂತೆಯಂಥ ಊರುಗಳಲ್ಲಿ ಕಾಗದದ ಮೇಲೆ ಬರೆದು ಮಾರುವವರಿದ್ದಾರೆ, ಅದರಿಂದ ಕೈಯಂತೂ ಉಳಿಯುತ್ತಿದೆ. ಹೋದಾಗ ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ. ಮನೆಯೊಳಗೆ ಮೊಬೈಲ್ ಎತ್ತುವ ಮೊದಲು ಕೇಳಿ. ಕಳೆದ ವರ್ಷ ನಮ್ಮ ಚಿಕ್ಕಮ್ಮನ ಮನೆಗೆ ಒಂದು ಕಾರಿನಲ್ಲಿ ಬಂದವರು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿ ಹಸೆಗೋಡೆಗೆ ಒರಗಿ ನಿಂತು ಫೋಟೊ ತೆಗೆಸಿಕೊಂಡರು.

ಅಘನಾಶಿನಿ · ವಿಜಯನಗರ (ಊರು ಕುಮಟಾ) · ಜೂನ್ 16

ಕೆಮ್ಮಣ್ಣು ಅವರ ಮಾತು ಒಪ್ಪುತ್ತೇನೆ, ಆದರೆ ನಮ್ಮ ಕರಾವಳಿಯ ಸಂಕಟ ಬೇರೆ. ನಮ್ಮದು ಕಾವಿ ಕಲೆ. ಗೋವಾದಿಂದ ಉತ್ತರ ಕನ್ನಡ, ಉಡುಪಿಯವರೆಗೆ ಹಳೆಯ ದೇವಸ್ಥಾನ, ಮಠ, ದೊಡ್ಡ ಮನೆಗಳ ಗೋಡೆಯಲ್ಲಿ ಬಿಳಿಯ ಮೇಲೆ ಕೆಂಪು, ಎರಡೇ ಬಣ್ಣ. ಅದನ್ನು ಬಳಿಯುವುದಲ್ಲ, ಕೆರೆಯುವುದು. ಚಿಪ್ಪು ಸುಟ್ಟ ಸುಣ್ಣ, ತೊಳೆದ ಮರಳು, ಬೆಲ್ಲದ ನೀರು ಕಲಸಿ ದಿನಗಟ್ಟಲೆ ಕೊಳೆಯಿಟ್ಟು ಕುಟ್ಟಿ ಗಾರೆ ಮಾಡುತ್ತಾರೆ. ಗೋಡೆಗೆ ಅದನ್ನು ಮೆತ್ತಿ, ಮೇಲೆ ಕಾವಿಮಣ್ಣಿನ ತೆಳು ಪದರ ಕೊಟ್ಟು, ಒದ್ದೆ ಆರುವ ಮೊದಲೇ ಕಂಟ ಎಂಬ ಮೊನೆಯ ಉಪಕರಣದಿಂದ ಕೆರೆದರೆ ಒಳಗಿನ ಬಿಳಿ ಹೊರಗೆ ಬರುತ್ತದೆ. ವೃತ್ತಕ್ಕೆ ಕೈವಾರ. ಕೊನೆಗೆ ಹೊಳೆಯ ನುಣುಪುಗಲ್ಲಿನಿಂದ ಉಜ್ಜುತ್ತಾರೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದರಿಂದ, ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಈ ಗೋಡೆಗಳು ನೂರಾರು ವರ್ಷ ನಿಂತಿವೆ.

ಮಳೆಗೆ ಜಗ್ಗದ ಗೋಡೆ ಜೀರ್ಣೋದ್ಧಾರಕ್ಕೆ ಜಗ್ಗಿತು. ಗುಡಿಗೆ ಸ್ವಲ್ಪ ದುಡ್ಡು ಬಂದರೆ ಸಾಕು, ಆಡಳಿತ ಮಂಡಳಿಗೆ ಮೊದಲು ಹೊಳೆಯುವುದು ಟೈಲ್ಸ್. ಭಕ್ತರಿಗೆ ಸ್ವಚ್ಛವಾಗಿ ಕಾಣಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಕೆರೆದವರ ಕೈ ಹೋಗಿ ಎಷ್ಟೋ ಕಾಲವಾಗಿದೆ, ಆದ್ದರಿಂದ ಗೋಡೆ ಹೋದರೆ ಹೋಯಿತು. ಹೊನ್ನಾವರದವರಾದ ಕೃಷ್ಣಾನಂದ ಕಾಮತರು ಬೆಂಗಳೂರಿನಲ್ಲಿ ನೆಲೆಸಿದ್ದರೂ ಊರೂರು ಸುತ್ತಿ ಈ ಗೋಡೆಗಳ ಫೋಟೊ ತೆಗೆದು ಬರೆದಿಟ್ಟರು. ಅವರು ಮಾಡದಿದ್ದರೆ ಇದಕ್ಕೆ ಹೆಸರೂ ಉಳಿಯುತ್ತಿರಲಿಲ್ಲ.

ಹಾಗಾಗಿ ನನಗೆ ಶೆಫೀಲ್ಡಿನ ದಾರಿಯೇ ಬೇಕು. ಹೊರಗಿನ ಊರಿನವರು ಗಾಡಿ ಕಟ್ಟಿಕೊಂಡು ಬಂದು ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಂತರೆ ಊರಿನವರು ತಾವೂ ಒಮ್ಮೆ ತಿರುಗಿ ನೋಡುತ್ತಾರೆ.

ಗೋಧಿಸೀಮೆ · ಮೆಲ್ಬರ್ನ್ (ಮೂಲ ಹಾಸನ) · ಜೂನ್ 17

ಗಾಲಿಮನೆಯವರು ಮುಂದಿನ ಸಲ ಬಂದರೆ ವಿಕ್ಟೋರಿಯಾದ ವಿಮ್ಮೆರಾ, ಮಾಲಿ ಸೀಮೆ ನೋಡಿ. ಅಲ್ಲಿ ಗೋಧಿ ತುಂಬಿಡುವ ಕಾಂಕ್ರೀಟ್ ಕಣಜಗಳಿಗೇ ಚಿತ್ರ ಬರೆದಿದ್ದಾರೆ. ಬ್ರಿಮ್ ಎಂಬ ಊರಿನಲ್ಲಿ 1939ರಲ್ಲಿ ಕಟ್ಟಿದ ಕಣಜಗಳ ಮೇಲೆ ಗೈಡೊ ವಾನ್ ಹೆಲ್ಟನ್ ನಾಲ್ವರು ರೈತರನ್ನು ಬರೆದು 2016ರ ಆರಂಭದಲ್ಲಿ ಮುಗಿಸಿದರು. ಆಮೇಲೆ ಸುತ್ತಲಿನ ಊರುಗಳೂ ಬರೆಸಿದವು, ಈಗ ಅದು ಸುಮಾರು 200 ಕಿಲೋಮೀಟರಿನ ದಾರಿ. ಆ ರೈತರಿಗೆ ಹೆಸರು ಕೊಟ್ಟಿಲ್ಲ. ಬರಗಾಲ ಕಂಡ ಮುಖಗಳು. ಅವುಗಳ ಕೆಳಗೆ ನಿಂತಾಗ ನನಗೆ ಅರಸೀಕೆರೆ ಕಡೆಯ ನಮ್ಮ ದೊಡ್ಡಪ್ಪ ನೆನಪಾದರು. ರಾತ್ರಿ ಹೊತ್ತು ಆ ದಾರಿಯಲ್ಲಿ ಕಾಂಗರೂ ಅಡ್ಡ ಬರುತ್ತವೆ, ಕತ್ತಲಾಗುವ ಮೊದಲು ಗಾಡಿ ನಿಲ್ಲಿಸಿ.

ಕೆಮ್ಮಣ್ಣು · ಜೂನ್ 17

ಅಘನಾಶಿನಿ ಅಣ್ಣ, ನಿಮ್ಮ ಗೋಡೆಗೆ ಜನ ಬರಬೇಕು ಎನ್ನುವುದು ಅರ್ಥವಾಗುತ್ತದೆ. ಆದರೆ ಜನ ಬಂದಲ್ಲೆಲ್ಲ ಗೋಡೆ ಜನಕ್ಕಾಗಿ ಬದಲಾಗುತ್ತದೆ. ನಮ್ಮ ಕಡೆ ಬಸ್ ನಿಲ್ದಾಣಕ್ಕೂ ಕಾಂಪೌಂಡಿಗೂ ಎನಾಮೆಲ್ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ನೋಡಲು ಚೆನ್ನ, ನಿಜ. ಆದರೆ ಅಲ್ಲಿ ಮದುವೆಯಿಲ್ಲ, ಹಾಡಿಲ್ಲ. ಚಿತ್ತಾರ ಉಳಿಯಬೇಕಾದರೆ ಬರೆಯುವ ಕೈ ಉಳಿಯಬೇಕು, ಗೋಡೆಯಲ್ಲ.

ಅಘನಾಶಿನಿ · ಜೂನ್ 17

ತಂಗೀ, ನಿನ್ನ ಅಜ್ಜಿಯ ಗೆರೆಯನ್ನು ನಿನ್ನ ಚಿಕ್ಕಮ್ಮ ಇಂದಿಗೂ ಎಳೆಯಬಲ್ಲರು. ನಮಗೆ ಗೋಡೆ ಬಿಟ್ಟು ಬೇರೇನೂ ಉಳಿದಿಲ್ಲ. ಅಷ್ಟೇ ವ್ಯತ್ಯಾಸ.

ಚಿತ್ರಾ ಮೇಷ್ಟ್ರು · ಜೂನ್ 18

ಇಬ್ಬರ ಮಾತೂ ಸರಿ. ಒಂದು ಕಡೆ ಗೋಡೆಯನ್ನು ಕಾಯಬೇಕು, ಇನ್ನೊಂದು ಕಡೆ ಕೈಯನ್ನು. ಎರಡಕ್ಕೂ ಒಂದೇ ಮದ್ದು ಅರೆದರೆ ಎರಡೂ ಹಾಳಾಗುತ್ತವೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್ 1784ರಲ್ಲಿ ಕಟ್ಟಿದ್ದು. ಅಲ್ಲಿನ ಪೊಳ್ಳಿಲೂರು ಯುದ್ಧದ ಚಿತ್ರಕ್ಕೂ ಒಮ್ಮೆ ಸುಣ್ಣ ಬಿದ್ದಿತ್ತು, ಮತ್ತೆ ಬರೆಸಿದರು. ಸುಣ್ಣ ಬಳಿದ ಮೇಲೂ ನೆನಪಿನಿಂದ ಬರೆಯಬಲ್ಲ ಕೈಗಳು ಆಗ ಇದ್ದವು.

ಕೆಮ್ಮಣ್ಣು · ಜೂನ್ 20

ಗಾಲಿಮನೆ ಅಕ್ಕ, ಅಮ್ಮನ ಹತ್ತಿರ ಮಾತಾಡಿದೆ. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ನಾವೆಲ್ಲ ಊರಿಗೆ ಹೋಗುತ್ತೇವೆ. ಆಗ ಬನ್ನಿ. ಮನೆ ಮುಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಬಹುದು, ಲಾರಿ ಅಡಕೆ ತುಂಬಲು ಬರುವ ಜಾಗ. ಮದುವೆ ಇಲ್ಲದ ಕಾಲದಲ್ಲಿ ಹಸೆಗೋಡೆ ಹೊಸದಾಗಿ ಸಿಗಲಿಕ್ಕಿಲ್ಲ, ಆದರೆ ಹಬ್ಬಕ್ಕೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ನೋಡುತ್ತೀರಿ. ಅತ್ತೆಯವರಿಗೆ ಮನೆಯೊಳಗೆ ಹಾಸಿಗೆ ಇದೆ.

ಗಾಲಿಮನೆ · ಅಕ್ಟೋಬರ್ ಕೊನೆಯ ವಾರ

ಹೋಗಿ ಬಂದೆವು. ಒಂಬತ್ತು ದಿನ. ಬಿಡಿಸಿ ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಸೀಬಿಯಲ್ಲಿ ಮೇಷ್ಟ್ರು ಹೇಳಿದಂತೆ ಚಾಪೆ ಹಾಸಿದೆವು. ಅರ್ಚಕರು ಬೇಡವೆನ್ನಲಿಲ್ಲ. ಅತ್ತೆ ಮಲಗಿಕೊಂಡು ಚಾವಣಿ ನೋಡುತ್ತಾ ಕೃಷ್ಣನ ಕಥೆಗಳನ್ನು ಮೊಮ್ಮಗಳಿಗೆ ಹೇಳುತ್ತಾ ಹೋದರು. ಎಲ್ಲಿ ಬಣ್ಣ ಉದುರಿತ್ತೋ ಅಲ್ಲಿಯೂ ಅವರ ಕಥೆ ನಿಲ್ಲಲಿಲ್ಲ. ಅಲ್ಲಿಂದ ತುಮಕೂರಿಗೆ ಹಿಂದಿರುಗಿ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾರಿಯಲ್ಲಿ ಶಿವಮೊಗ್ಗ. ಈ ಭಾಗದಲ್ಲಿ ಹೇಳುವಂಥದ್ದು ಕಡಿಮೆ. ಎರಡನೇ ರಾತ್ರಿಯೇ ಒಳಗಿನ ದೀಪ, ಫ್ಯಾನಿನ ಬ್ಯಾಟರಿ ಕೈಕೊಟ್ಟಿತು. ಹೊಸದು ಎಂದು ಬಾಡಿಗೆಯವರು ಹೇಳಿದ್ದರು. ಘಟ್ಟದ ಗಾಡಿಯವರು ಫೋನಿನಲ್ಲೇ ಒಂದು ಗ್ಯಾರೇಜಿಗೆ ದಾರಿ ತೋರಿಸಿದರು, ಅವರ ಉಪಕಾರ ಮರೆಯುವುದಿಲ್ಲ.

ಸೊರಬದ ಹಳ್ಳಿಯಲ್ಲಿ ಮೂರು ರಾತ್ರಿ ಇದ್ದೆವು, ಒಂದು ರಾತ್ರಿ ಎಂದುಕೊಂಡಿದ್ದು. ಕೆಮ್ಮಣ್ಣು ಅವರ ಅಮ್ಮ ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿಟ್ಟಿದ್ದರು. ದೊಡ್ಡದೊಂದು, ಚಿಕ್ಕದೊಂದು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕಾಲು ನೀಡಿ ಕುಳಿತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪುಂಡಿ ನಾರನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿದರು. ನಾರಿನ ತುದಿಯನ್ನು ಹಲ್ಲಿನಲ್ಲಿ ಜಗಿದು ಬಿಡಿಸಿದ್ದರು. ಗೆರೆ ಎಳೆಯುವಾಗ ನಾರು ನಿಂತಿರುತ್ತದೆ, ಬುಟ್ಟಿ ತಿರುಗುತ್ತದೆ. ನಾನು ಅದುವರೆಗೆ ಕೈ ಓಡುತ್ತದೆ ಎಂದುಕೊಂಡಿದ್ದೆ. ಎಡಗೈ ಬುಟ್ಟಿಯನ್ನು ಒಂದೇ ಹದದಲ್ಲಿ ಸರಿಸುತ್ತಿತ್ತು, ಬಲಗೈ ಅಲ್ಲಾಡುತ್ತಲೇ ಇರಲಿಲ್ಲ. ಭತ್ತದ ಸಸಿ, ಏಣಿ, ಎತ್ತು, ಒಂದರ ಪಕ್ಕ ಒಂದು ಹುಟ್ಟಿದವು. ಮಗಳಿಗೆ ಚಿಕ್ಕ ಬುಟ್ಟಿಯ ಅಡಿಭಾಗ ಕೊಟ್ಟರು. ಅವಳು ಎಳೆದ ಗೆರೆ ದಪ್ಪವಾಗಿ ಇಳಿದು ಬಂತು. ಅಮ್ಮ ಅದನ್ನು ಅಳಿಸಲಿಲ್ಲ, ಅದರ ಎರಡೂ ಬದಿಗೆ ಚುಕ್ಕೆ ಇಟ್ಟು ಬಳ್ಳಿ ಮಾಡಿಬಿಟ್ಟರು.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಬಸಿರಾದ ಭೂಮಿತಾಯಿಗೆ ಬಯಕೆಯ ಊಟ. ಬೇಲಿ, ಗುಡ್ಡದಿಂದ ತಂದ ಬಗೆಬಗೆಯ ಕುಡಿಗಳನ್ನು ಬೇಯಿಸಿ ಹಚ್ಚಂಬಲಿ ಮಾಡಿದರು. ಅತ್ತೆ ಒಲೆಯ ಪಕ್ಕ ಕುಳಿತು ತಿಪಟೂರಿನ ಕಡೆಯ ಹಾಡು ಹೇಳಿದರು, ಮನೆಯವರು ತಮ್ಮ ಕಡೆಯ ಹಾಡು ಹೇಳಿದರು. ಬೆಳಕು ಹರಿಯುವ ಮೊದಲೇ ಸೂಡಿ, ಅಂದರೆ ಪಂಜು, ಹಿಡಿದು ಗದ್ದೆಗೆ ಹೋಗಿ ಹಚ್ಚಂಬಲಿಯನ್ನು ಬೀರಿದರು. ಆಮೇಲೆ ಪೂಜೆ, ಗದ್ದೆಯ ಬದುವಿನಲ್ಲೇ ಊಟ. ಮಧ್ಯಾಹ್ನ ಮೂರು ತಾಸು ಬರೆದ ಬುಟ್ಟಿ ಅಲ್ಲಿ ಕೆಸರಿನ ಪಕ್ಕದಲ್ಲಿ ಇತ್ತು, ಅನ್ನದ ಉಗಿಗೆ ಒಂದು ಬದಿಯ ಬಿಳಿ ಆಗಲೇ ಕರಗಿತ್ತು. ಅಮ್ಮ ಅದನ್ನು ನೋಡಿದರು, ಏನೂ ಹೇಳಲಿಲ್ಲ, ಇನ್ನೊಂದು ತುತ್ತು ಬಡಿಸಿದರು. ಚಿತ್ತಾರ ಕೈಯಲ್ಲಿ ಉಳಿಯಬೇಕು ಎಂದು ಜೂನ್‌ನಲ್ಲಿ ಓದಿದ್ದ ಮಾತು ನನಗೆ ನಾಟಿದ್ದು ಆಗ.

ಬನವಾಸಿಯ ಮೇಲೆ ಶಿರಸಿಗೆ ಹೋಗಿ ಮಾರಿಕಾಂಬೆಯ ದರ್ಶನ ಮಾಡಿಕೊಂಡೆವು. ದೇವಿಮನೆ ಘಟ್ಟವನ್ನು ಹಗಲು ಹೊತ್ತಿನಲ್ಲಿ ಎರಡನೇ ಗೇರಿನಲ್ಲಿ ಇಳಿದೆವು. ಕುಮಟಾದಲ್ಲಿ ಅಘನಾಶಿನಿಯವರ ಅಣ್ಣ ಎದುರುಗೊಂಡು ತೋಟದೊಳಗಿನ ಒಂದು ಸಣ್ಣ ಗುಡಿಗೆ ಕರೆದುಕೊಂಡು ಹೋದರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನ ಮಾತುಕತೆ ಇನ್ನೂ ನಡೆಯುತ್ತಿದೆ.

ಗುಡಿಯ ಮೂರು ಬದಿಗೆ ಎದೆಯೆತ್ತರಕ್ಕೆ ಟೈಲ್ಸ್ ಬಂದಾಗಿದೆ. ಉಳಿದ ಒಂದು ಬದಿಯಲ್ಲಿ ಕಾವಿ ಇದೆ. ಮೂಲೆಯಲ್ಲಿ ಎರಡೂ ಸೇರುವ ಜಾಗದಲ್ಲಿ ಒಂದು ನವಿಲು. ಅದರ ಬಾಲ ಪೂರ್ತಿ ಇದೆ, ಕುತ್ತಿಗೆಯ ಅರ್ಧದವರೆಗೆ ಟೈಲ್ಸಿನ ಸಿಮೆಂಟು. ತಲೆ ಇಲ್ಲ. ನಾನು ಕೇಳಿ, ಬೆರಳು ತೊಳೆದುಕೊಂಡು, ಗರಿಯ ಒಂದು ಗೆರೆಯನ್ನು ಮುಟ್ಟಿದೆ. ಉಗುರಿನ ತುದಿ ಕೂರುವಷ್ಟು ಆಳ. ಕೆಂಪಿನ ಮೈ ಕಪ್ಪೆಚಿಪ್ಪಿನ ಒಳಮೈಯಂತೆ ನುಣುಪು, ಮಧ್ಯಾಹ್ನದ ಸೆಖೆಯಲ್ಲೂ ತಂಪು. ಪಕ್ಕದ ಟೈಲ್ಸ್ ಬೆವರಿತ್ತು, ಅದರ ಹಿಂದಿನಿಂದ ತೇವ ಒಸರಿ ಕೆಳಗೆ ಹಾವಸೆ ಕಟ್ಟಿತ್ತು. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ಟೈಲ್ಸ್ ಅದಕ್ಕೆ ದಾರಿ ಕಟ್ಟುತ್ತದೆ, ಆಗ ಒಳಗಿನ ಚಿರೆಕಲ್ಲು ನೆನೆಯುತ್ತದೆ. ಅಣ್ಣನವರು ಇದನ್ನು ತೋರಿಸುವಾಗ ಮಂಡಳಿಯ ಹಿರಿಯರೊಬ್ಬರೂ ಬಂದು ನಿಂತರು. ಗೋಡೆ ಬಲವಾಗಲೆಂದು ಹಾಕಿಸಿದ್ದಲ್ಲವೇ ಎಂದು ಅವರು ಕೇಳಿದ್ದರಲ್ಲಿ ನಿಜವಾದ ಕಳವಳವಿತ್ತು. ಅತ್ತೆ ಅವರ ಹತ್ತಿರ ಹೋಗಿ, ನಮ್ಮ ಮನೆಯ ದೇವರ ಕೋಣೆಗೂ ಹೀಗೆಯೇ ಟೈಲ್ಸ್ ಹಾಕಿಸಿ ಗೋಡೆ ಉಬ್ಬಿದ ಕಥೆ ಹೇಳಿದರು. ಅರ್ಧ ಗಂಟೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮಾತಾಡಿದರು. ಆ ರಾತ್ರಿ ಗುಡಿಯ ಹೊರಗಿನ ತೆಂಗಿನ ತೋಪಿನಲ್ಲಿ ಗಾಡಿ ನಿಲ್ಲಿಸಲು ಅವರೇ ಜಾಗ ತೋರಿಸಿ, ಮನೆಯಿಂದ ನೀರು ದೋಸೆ ಕಳುಹಿಸಿದರು.

ಹಿಂದಿರುಗುವಾಗ ಹೊನ್ನಾವರ, ಗೇರುಸೊಪ್ಪೆ, ಜೋಗದ ದಾರಿ. ಮಗಳು ಜೋಗದಲ್ಲಿ ಜಲಪಾತ ನೋಡುವುದಕ್ಕಿಂತ ಹೆಚ್ಚು ಹೊತ್ತು ನೋಟ್‌ಬುಕ್ಕಿನಲ್ಲಿ ಆ ನವಿಲಿಗೆ ತಲೆ ಬರೆಯುವುದರಲ್ಲೇ ಇದ್ದಳು.

ಕಾಡುಮಲ್ಲಿಗೆ · ಮರುದಿನ

ಓದುತ್ತಾ ಕಣ್ಣು ತುಂಬಿತು. ಬುಟ್ಟಿ ತಿರುಗುತ್ತದೆ, ಕೈ ನಿಲ್ಲುತ್ತದೆ ಎಂಬುದನ್ನು ನಾನು ಎಲ್ಲೂ ಓದಿರಲಿಲ್ಲ. ಶೌಚಾಲಯದ ಲೆಕ್ಕ ಸರಿಹೋಯಿತೇ?

ಗಾಲಿಮನೆ · ಮರುದಿನ

ಸರಿಹೋಯಿತು. ಒಂಬತ್ತು ದಿನದಲ್ಲಿ ಮೂರು ಸಲ ಖಾಲಿ ಮಾಡಿದೆವು, ಎರಡು ಸಲ ಪೆಟ್ರೋಲ್ ಬಂಕಿನಲ್ಲಿ ಕೇಳಿ, ಒಂದು ಸಲ ಸೊರಬದ ಮನೆಯಲ್ಲಿ. ಟಾಸ್ಮೇನಿಯಾದಲ್ಲಿ ಅನೇಕ ಸಣ್ಣ ಊರುಗಳಲ್ಲೂ ಇದಕ್ಕೆಂದೇ ಒಂದು ಜಾಗ ಕಟ್ಟಿಸಿದ್ದಾರೆ. ತಾಲ್ಲೂಕು ಕೇಂದ್ರಕ್ಕೊಂದರಂತೆ ನಮ್ಮಲ್ಲಿಯೂ ಬಂದರೆ ಹಿರಿಯರನ್ನು ಕರೆದುಕೊಂಡು ಹೊರಡುವವರು ಹೆಚ್ಚುತ್ತಾರೆ.

ಚಿತ್ರಾ ಮೇಷ್ಟ್ರು · ಎರಡು ದಿನಗಳ ನಂತರ

ಮಗುವಿನ ನೋಟ್‌ಬುಕ್ಕಿನ ಆ ಪುಟವನ್ನು ಜೋಪಾನ ಮಾಡಿ. ಉಳಿದ ಬಾಲದ ಗೆರೆಗಳ ಅಳತೆ, ಅಂತರ ತೆಗೆದುಕೊಂಡಿದ್ದರೆ ನನಗೆ ಕಳುಹಿಸಿ. ಕೈವಾರದ ಕೇಂದ್ರ ಎಲ್ಲಿತ್ತೆಂದು ಹುಡುಕಿದರೆ ಕುತ್ತಿಗೆಯ ಬಾಗು ಕಾಗದದ ಮೇಲೆ ಸಿಗಬಹುದು.

ಅಘನಾಶಿನಿ · ಎರಡು ದಿನಗಳ ನಂತರ

ಅಣ್ಣ ಫೋನ್ ಮಾಡಿದ್ದರು. ನಾಲ್ಕನೇ ಬದಿಗೆ ತರಿಸಿದ್ದ ಟೈಲ್ಸ್ ಪೆಟ್ಟಿಗೆಗಳು ಇನ್ನೂ ಗುಡಿಯ ಪಾಕಶಾಲೆಯಲ್ಲೇ ಇವೆ. ಬರುವ ಭಾನುವಾರ ಹತ್ತು ಗಂಟೆಗೆ ಮಂಡಳಿಯ ಸಭೆ ಇದೆ, ಆ ಹಿರಿಯರೇ ಕರೆದಿದ್ದಾರೆ. ನಾನು ಶನಿವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ. ಗಾಲಿಮನೆ ಅಕ್ಕ, ನವಿಲಿನ ಮೂಲೆಯ ಫೋಟೊ ಮತ್ತು ಟೈಲ್ಸಿನ ಕೆಳಗಿನ ಹಾವಸೆಯ ಫೋಟೊ, ಎರಡನ್ನೂ ದೊಡ್ಡ ಅಳತೆಯಲ್ಲಿ ಮುದ್ರಿಸಿ ಶುಕ್ರವಾರದೊಳಗೆ ಕೊಡಬಹುದೇ? ವಿಜಯನಗರ ಮೆಟ್ರೊ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುತ್ತೇನೆ. ಮಗಳ ನವಿಲನ್ನೂ ಸೇರಿಸಿ ಕೊಡಿ.

ಗಾಲಿಮನೆ · ಅದೇ ರಾತ್ರಿ

ಗುರುವಾರ ಸಂಜೆ ಆರಕ್ಕೆ ನಾನೇ ತರುತ್ತೇನೆ. ಅತ್ತೆ ಆ ಹಿರಿಯರಿಗೆ ಒಂದು ಕಾಗದ ಬರೆಯುತ್ತಿದ್ದಾರೆ, ಅದೂ ಜೊತೆಗಿರುತ್ತದೆ.